ಜಿಎಸ್‌ಟಿ ಇಳೀತು ಅಂತ ಫ್ರಿಜ್ ತಗೊಳಕ್ಕೆ ಹೊರಟೋರು ಒಂದ್ಸಲ ಇದನ್ನ ಓದ್ಕೊಂಡು ಹೋಗಿ

ಫ್ರಿಜ್ಜಿಗೆ ಜಿಎಸ್‌ಟಿ ಇಳಿದಿಲ್ಲ. ವಾಷಿಂಗ್ ಮಷೀನಿಗೂ ಇಳಿದಿಲ್ಲ. ಇಳಿದಿಲ್ಲ, ಇಳಿದಿಲ್ಲ, ಇಳಿದಿಲ್ಲ. ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಪೂರ್ತಿ ಓದೋ ತಾಳ್ಮೆ ಎಲ್ರಿಗೂ ಇರಲ್ಲ, ನಂಗೂ ನಿಧಾನಕ್ಕೆ ಬರೆಯೋ ತಾಳ್ಮೆ ಇಲ್ಲ ಈಗ. 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟ್ ಇದ್ದಿದ್ದು 18 ಆಗಿದ್ದು ಎಸಿಗೆ, 32 ಇಂಚಿಗಿಂತ ದೊಡ್ಡ ಟಿವಿಗೆ, ಡಿಶ್‌ವಾಷರಿಗೆ. ಫ್ರಿಜ್ಜು 2018ರ ಜುಲೈನಲ್ಲೇ 18ಕ್ಕೆ ಇಳಿದಿತ್ತು, ಈಗ್ಲೂ 18. ಇಷ್ಟು ಗೊತ್ತಿದ್ದಿದ್ರೆ ನಾನು ಈ ರಾಮಾಯಣ ಬರೀತಾನೇ ಇರ್ಲಿಲ್ಲ.

ನಮ್ಮನೇದು ಹಳೇ ಸಿಂಗಲ್ ಡೋರ್ ಫ್ರಿಜ್ಜು. ಬಾಗಿಲಿನ ರಬ್ಬರ್ ಸಡಿಲ ಆಗಿ ಸರಿಯಾಗಿ ಮುಚ್ಕೊಳ್ತಿರ್ಲಿಲ್ಲ, ಮೇಲೆ ಐಸ್ ಕಟ್ಟಿ ಕಟ್ಟಿ ಫ್ರೀಜರ್ ಬಾಗಿಲೇ ತೆಗಿಯಕ್ಕೆ ಬರ್ತಿರ್ಲಿಲ್ಲ, ಡಿಫ್ರಾಸ್ಟ್ ಬಟನ್ ಒತ್ತಿ ರಾತ್ರಿ ಕೆಳಗೆ ಬಟ್ಟೆ ಹಾಸಿ ಮಲಗೋದು, ಬೆಳಗ್ಗೆ ಎದ್ದು ನೀರು ಒರೆಸೋದು, ಇದೇ ಆಗಿತ್ತು ಬಾಳು. ಮೆಕ್ಯಾನಿಕ್ ನೋಡಿ 'ಕಂಪ್ರೆಸರ್ ಗಟ್ಟಿಯಾಗಿದೆ ಅಮ್ಮ, ಗ್ಯಾಸ್ಕೆಟ್ ಒಂದು ಬದಲಾಯಿಸಿದ್ರೆ ಇನ್ನೂ ನಾಲ್ಕೈದು ವರ್ಷ ಓಡತ್ತೆ' ಅಂದಿದ್ದ. ಆದ್ರೆ ನಮ್ಮನೆಯವರು ಆಗಸ್ಟ್ 15ರ ಕೆಂಪುಕೋಟೆ ಭಾಷಣ ಕೇಳಿದಾಗಿಂದ ಒಂದೇ ರಾಗ, ದೀಪಾವಳಿಗೆ ಎಲ್ಲಾ ಇಳಿಯತ್ತೆ, ಸ್ವಲ್ಪ ತಡ್ಕೋ, ಆಗ ಹೊಸದೇ ತರೋಣ. ಮೈದುನ ಅದಕ್ಕೆ ಉಲ್ಟಾ, ಇವರು ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ತಾರೆ ಅಂತ. ಇವರಿಬ್ರ ರಾಜಕೀಯದ ಮಧ್ಯ ನನ್ನ ಹಾಲು ಕೆಟ್ಟೋಗ್ತಿತ್ತು, ಅದ್ಯಾರಿಗೂ ಬೇಕಿರ್ಲಿಲ್ಲ.

ನವರಾತ್ರಿ ಶುರುವಾದ ವಾರ ಅಂಗಡಿಗೆ ಹೋದ್ವಿ. ತುಮಕೂರಲ್ಲೇ ದೊಡ್ಡ ಶೋರೂಮು, ಹೆಸರು ಹೇಳಲ್ಲ. ಬಾಗಿಲಿಂದ ಹಿಡಿದು ಒಳಗಿನ ತನಕ ಬ್ಯಾನರ್, 'ಜಿಎಸ್‌ಟಿ ಉಳಿತಾಯ ಉತ್ಸವ', 'ನೇರ 10% ಕಡಿತ'. ಪ್ರತಿ ಫ್ರಿಜ್ಜಿನ ಮೇಲೂ ಒಂದು ಕಾರ್ಡು, ಹಳೇ ರೇಟಿಗೆ ಕೆಂಪು ಗೀಟು, ಕೆಳಗೆ ಹೊಸ ರೇಟು. ನಾವು ನೋಡಿದ ಡಬಲ್ ಡೋರಿಗೆ 31,990 ಹೊಡೆದು 28,990 ಅಂತ ಇತ್ತು. ನಾನು ಬಾಯಿಬಿಟ್ಟು ಕೇಳ್ದೆ, ಇದು ಆಫರಾ ಇಲ್ಲ ಟ್ಯಾಕ್ಸ್ ಇಳಿದಿದ್ದಾ ಅಂತ. ಹುಡುಗ ಏನಂದ ಗೊತ್ತಾ, 'ಮೇಡಂ ಇದರಲ್ಲಿ ನಮ್ಮದೇನೂ ಇಲ್ಲ, ಸರ್ಕಾರಾನೇ ಇಳಿಸಿರೋದು, ಮೂರು ಸಾವಿರ ನಿಮ್ಗೆ ಮೋದಿ ಕೊಟ್ಟಂಗೆ.' ನಮ್ಮನೆಯವರ ಮುಖ ನೋಡ್ಬೇಕಿತ್ತು ಆಗ! ಮಗ ರ‍್ಯಾಂಕ್ ಬಂದಷ್ಟು ಖುಷಿ. ಅಲ್ಲೇ ನಿಂತು ಮೈದುನಂಗೆ ಫೋಟೋ ಕಳಿಸಿದ್ರು ಬೇರೆ.

ಎಕ್ಸ್‌ಚೇಂಜ್ ಕಥೆ ಬೇರೆ. ಬೋರ್ಡಲ್ಲಿ ಐದು ಸಾವಿರದ 'ತನಕ', ಆ ತನಕ ಅನ್ನೋದು ಮಾತ್ರ ಸಾಸಿವೆ ಗಾತ್ರದ ಅಕ್ಷರ. ಅಂಗಡೀಲಿ ಫೋಟೋ ನೋಡಿ ಮೂರೂವರೆ ಅಂದ್ರು. ಮನೆಗೆ ಗಾಡಿ ಬಂತು, ಹೊಸದು ವರಾಂಡದಲ್ಲಿ ಇಳಿಸಾಯ್ತು, ಹಳೇದನ್ನ ಖಾಲಿ ಮಾಡಿ ಹಾಲು ಮೊಸರು ಹಿಟ್ಟು ಎಲ್ಲಾ ಹೊರಗಿಟ್ಟಾಯ್ತು, ಆಮೇಲೆ ಡೆಲಿವರಿ ಹುಡುಗ ಫೋನಲ್ಲಿ ಏನೋ ಗುಸುಗುಸು ಮಾಡಿ 'ಅಕ್ಕಾ ಬಾಗಿಲು ಸರಿ ಇಲ್ಲ, ಇದಕ್ಕೆ 1,500 ಅಷ್ಟೇ, ಮಿಕ್ಕಿದ್ದು ಕೊಟ್ರೆ ಇಳಿಸಿ ಹೋಗ್ತೀವಿ, ಇಲ್ಲಾಂದ್ರೆ ವಾಪಸ್' ಅಂದ. ಅಂಥಾ ಹೊತ್ತಲ್ಲಿ ಯಾರು ವಾಪಸ್ ಕಳಿಸ್ತಾರೆ ಹೇಳಿ? ಅತ್ತೆ ಆಗ್ಲೇ ಹೊಸ ಫ್ರಿಜ್ಜಿಗೆ ಅರಿಶಿನ ಕುಂಕುಮ ಇಟ್ಟಾಗಿತ್ತು. ಕೊಟ್ವಿ.

ಇಷ್ಟಾದ್ರೂ ಪರವಾಗಿಲ್ಲ, ಮೂರು ಸಾವಿರ ಟ್ಯಾಕ್ಸಲ್ಲಿ ಉಳೀತಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಪಕ್ಕದ ಮನೆಯವರು ಅಂಗಡಿಗಳಿಗೆ ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋರು. ಹೊಸ ಫ್ರಿಜ್ ನೋಡಕ್ಕೆ ಬಂದಾಗ ನಮ್ಮನೆಯವರು ಜಂಬದಿಂದ ಬಿಲ್ ತೋರಿಸಿದ್ರು. ಅವರು ನೋಡಿ 'ಇದರಲ್ಲಿ ಎಲ್ಲಿ ಇಳಿದಿದೆ? ಕೇಂದ್ರದ ಪಾಲು ಸಿಜಿಎಸ್‌ಟಿ 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ 9, ಸೇರಿದ್ರೆ ಅದೇ 18, ಮೊದ್ಲೂ ಇಷ್ಟೇ ಇತ್ತಲ್ಲ' ಅಂದ್ರು. ನಮ್ಮನೆಯವರು ಒಪ್ಪಲ್ಲ. ವಾದ. ಕೊನೆಗೆ ನನ್ನ ತಂಗಿ 2022ರಲ್ಲಿ ತಗೊಂಡ ಫ್ರಿಜ್ಜಿನ ಬಿಲ್ ಫೋಟೋ ತರಿಸ್ಕೊಂಡೆ, ಅದ್ರಲ್ಲೂ 9, 9. ಇನ್ನೊಂದು ಮಾತು ಅವರು ಹೇಳಿದ್ದು, ನಿಜವಾಗ್ಲೂ 28ರಿಂದ 18ಕ್ಕೆ ಇಳಿದ ಟಿವಿಗೂ 10 ಪರ್ಸೆಂಟ್ ಕಡಿಮೆ ಆಗಲ್ವಂತೆ. ನೂರು ರೂಪಾಯಿ ಮಾಲು 128 ಇದ್ದಿದ್ದು 118 ಆಗತ್ತೆ, ಲೆಕ್ಕ ಹಾಕಿದ್ರೆ ಸುಮಾರು 7.8 ಬರತ್ತೆ. ಅಂದ್ರೆ ಆ ಬ್ಯಾನರ್ ಟಿವಿಗೂ ಸುಳ್ಳೇ.

ಆದ್ರೆ ನನ್ನ ಹೊಟ್ಟೆ ಉರಿದಿದ್ದು ಅದಕ್ಕಲ್ಲ. ಆ ಅಂಗಡಿ ನಂಬರಿಂದ ನಂಗೆ ಮೊದ್ಲಿಂದ್ಲೂ ವಾಟ್ಸಾಪ್ ಆಫರ್ ಬರ್ತಾ ಇರತ್ತೆ, ತೆಗೆದೂ ನೋಡಲ್ಲ. ಅವತ್ತು ರಾತ್ರಿ ಸುಮ್ನೆ ಮೇಲಕ್ಕೆ ತಳ್ಳಿ ನೋಡ್ತೀನಿ, ಆಗಸ್ಟಲ್ಲಿ ವರಮಹಾಲಕ್ಷ್ಮಿ ಆಫರ್ ಅಂತ ಕಳಿಸಿದಾರೆ. ಅದೇ ಕಂಪನಿ, ಅದೇ ಮಾಡೆಲ್, ಅದೇ ಬಣ್ಣ. 28,490. ಜಿಎಸ್‌ಟಿ 'ಇಳಿಯೋ' ಮುಂಚೆ 28,490, 'ಇಳಿದ' ಮೇಲೆ 28,990! ಐನೂರು ರೂಪಾಯಿ ಜಾಸ್ತಿ ಕೊಟ್ಟು ಉಳಿತಾಯ ಉತ್ಸವ ಮಾಡ್ಕೊಂಡು ಬಂದಿದ್ವಿ ನಾವು. ಮೆಸೇಜ್ ನನ್ನ ಫೋನಲ್ಲೇ ಇತ್ತು ಕಣ್ರೀ. ಆ 31,990 ಅನ್ನೋ ರೇಟು ಯಾವತ್ತೂ ಇರ್ಲೇ ಇಲ್ಲ, ಗೀಟು ಹೊಡಿಯಕ್ಕಂತಲೇ ಬರೆದಿದ್ದು.

ಮೂರೂ ಹಿಡ್ಕೊಂಡು ಅಂಗಡಿಗೆ ಹೋದೆ, ಬಿಲ್ಲು, ತಂಗಿ ಬಿಲ್ಲು, ಮೆಸೇಜು. ಆ ಹುಡುಗ 'ಮ್ಯಾನೇಜರ್ ಹತ್ರ ಮಾತಾಡಿ' ಅಂತ ಜಾರ್ಕೊಂಡ. ಮ್ಯಾನೇಜರ್ ಮೊದ್ಲು 'ಮೇಡಂ ಅದು ಆಫರ್ ಹೆಸರಷ್ಟೇ, ಫೆಸ್ಟಿವಲ್ ಹೆಸರಿದ್ದಂಗೆ' ಅಂದ್ರು. ಹೆಸರಂತೆ! ಆಗಸ್ಟ್ ರೇಟ್ ತೋರಿಸಿದ್ರೆ 'ಅದು ಆವತ್ತಿನ ಸ್ಟಾಕ್'. ಎಕ್ಸ್‌ಚೇಂಜ್ ಕೇಳಿದ್ರೆ 'ಅದು ಬೇರೆ ಪಾರ್ಟಿ ನೋಡ್ಕೊಳೋದು, ನಮಗೆ ಸಂಬಂಧ ಇಲ್ಲ'. ನಾನು ದನಿ ಏರಿಸಿದ ಮೇಲೆ ಅಕ್ಕಪಕ್ಕದ ಗಿರಾಕಿಗಳು ತಿರುಗಿ ನೋಡಕ್ಕೆ ಶುರು ಮಾಡಿದ್ರಲ್ಲ, ಆಗ ಆ ಮನುಷ್ಯ ನಗ್ತಾ ಕೇಳಿದ್ದು ಇದು, 'ಮೇಡಂ ನೀವು ಯಾವ ಪಾರ್ಟಿ? ಸರ್ಕಾರ ಒಳ್ಳೇದು ಮಾಡಿದ್ರೂ ತಪ್ಪು ಹುಡುಕ್ತೀರಲ್ಲ.'

ಯಾವ ಪಾರ್ಟಿ! ನಾನು ನನ್ನ ದುಡ್ಡಿನ ಲೆಕ್ಕ ಕೇಳಿದ್ರೆ ಯಾವ ಪಾರ್ಟಿ! ಅಷ್ಟು ಹೇಳಿದ್ದೇ ತಡ ಅಲ್ಲಿದ್ದ ಇಬ್ರು ನಂಗೆ ಬುದ್ಧಿ ಹೇಳಕ್ಕೆ ಬಂದ್ರು, ಇನ್ನೊಬ್ರು ಅವರ ಜೊತೆ ಜಗಳಕ್ಕೆ ನಿಂತ್ರು, ಫ್ರಿಜ್ಜು ಯಾರಿಗೂ ನೆನಪಿಲ್ಲ. ಮ್ಯಾನೇಜರ್ ಒಳಗೆ ಹೋಗ್ಬಿಟ್ರು. ತುಂಬಾ ಹುಷಾರು ಜನ ಇವರು, ವ್ಯಾಪಾರದ ಮಾತನ್ನ ರಾಜಕೀಯಕ್ಕೆ ತಿರುಗಿಸಿದ್ರೆ ಮುಗೀತು, ನಾವು ನಾವೇ ಕಚ್ಚಾಡ್ಕೊಳ್ತೀವಿ. ಮನೇಲೂ ಅದೇ ಆಯ್ತು, ಮೈದುನ ಈಗ ಫ್ಯಾಮಿಲಿ ಗ್ರೂಪಲ್ಲಿ ದಿನಾ 'ಅತ್ತಿಗೆ ಮೂರು ಸಾವಿರ ಬಂತಾ' ಅಂತ ಹಾಕ್ತಾನೆ, ನಮ್ಮನೆಯವರು ಇದು ಅಂಗಡಿಯವನ ತಪ್ಪು ಸರ್ಕಾರದ್ದಲ್ಲ ಅಂತ ಉತ್ತರ ಬರೀತಾರೆ. ಅದು ನಿಜಾನೇ, ಆದ್ರೆ ಟಿವಿಯವರು ಎಲ್ಲಾ ಇಳೀತು ಎಲ್ಲಾ ಇಳೀತು ಅಂತ ಬಡ್ಕೊಂಡಾಗ ಯಾವ್ದು ಇಳಿದಿಲ್ಲ ಅಂತಾನೂ ಹೇಳ್ಬೇಕಿತ್ತಲ್ವಾ.

ಗೃಹಜ್ಯೋತಿ ಹೆಸರಲ್ಲೂ ಮೋಸ ಹೋಗ್ಬೇಡಿ. 'ಹೆಂಗೂ ಕರೆಂಟ್ ಫ್ರೀ, ದೊಡ್ಡದೇ ತಗೊಳಿ' ಅಂತಾರೆ. 200 ಯೂನಿಟ್ ಎಲ್ರಿಗೂ ಫ್ರೀ ಅಲ್ಲ, ನಿಮ್ಮ ಹಿಂದಿನ ಸರಾಸರಿ ಬಳಕೆ ಮೇಲೆ ಸ್ವಲ್ಪ ಸೇರಿಸಿ ಕೊಡೋದು, ಅದು ದಾಟಿದ್ರೆ ಜಾಸ್ತಿ ಆಗಿದ್ದಕ್ಕೆ ಬಿಲ್ ಬರತ್ತೆ, 200 ದಾಟಿದ್ರೆ ಪೂರ್ತಿ ಕಟ್ಬೇಕು. ಸ್ಟಾರ್ ಲೇಬಲ್ಲಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರತ್ತೆ, ಅದನ್ನ ಹನ್ನೆರಡರಿಂದ ಭಾಗಿಸಿ ನೋಡಿ.

ಹಳೇ ಬಿಲ್ ಯಾರದಾದ್ರೂ ಸಿಕ್ಕಿದ್ರೆ ಫೋನಲ್ಲಿ ಇಟ್ಕೊಂಡು ಹೋಗಿ. ಎಕ್ಸ್‌ಚೇಂಜ್ ರೇಟನ್ನ ಬಿಲ್ಲಲ್ಲೇ ಬರೆಸಿ, ಬರೆಯಲ್ಲ ಅಂದ್ರೆ ಎದ್ದು ಬನ್ನಿ. ನಾನು 1915ಕ್ಕೆ ಫೋನ್ ಮಾಡಿ ಗ್ರಾಹಕರ ಸಹಾಯವಾಣೀಲಿ ದೂರು ಕೊಟ್ಟಿದೀನಿ, ನಂಬರ್ ಕೊಟ್ಟಿದಾರೆ, ದುಡ್ಡು ಬರತ್ತೋ ಇಲ್ವೋ ನೋಡೋಣ. ಅಂಗಡಿ ವಾಟ್ಸಾಪಿಗೆ ಇದನ್ನೆಲ್ಲಾ ಉದ್ದಕ್ಕೆ ಬರೆದು ಕಳಿಸಿದ್ದೆ, ಅದಕ್ಕೆ ಬಂದ ಉತ್ತರ ಒಂದು ಕೈ ಮುಗಿಯೋ ಎಮೋಜಿ. ಅದರ ಕೆಳಗೇ ದೀಪಾವಳಿ ಆಫರ್, ವಾಷಿಂಗ್ ಮಷೀನ್ ಮೇಲೆ ಜಿಎಸ್‌ಟಿ ಕಡಿತವಂತೆ. ಅದೂ 2018ರಿಂದ 18ರಲ್ಲೇ ಇದೆ, ತುಮಕೂರಿನವರು ದಯವಿಟ್ಟು ಬಿಲ್ ನೋಡದೆ ಹೋಗ್ಬೇಡಿ.