ಬೆಲ್ಟೋ, ವ್ಯಾಯಾಮವೋ, ದಿಂಬೋ: ಬಸುರಿನ ಕೀಲುನೋವಿಗೆ ನಾನು ಮಾಡಿ ನೋಡಿದ್ದು

ಆರು ತಿಂಗಳು ತುಂಬುವ ಹೊತ್ತಿಗೆ ರಾತ್ರಿ ಮಗ್ಗುಲು ಬದಲಿಸುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಹೊಟ್ಟೆಯ ಕೆಳಗೆ, ತೊಡೆಗಳು ಕೂಡುವ ಮೂಳೆಯಲ್ಲಿ ಚಳಕು. ಒಂಟಿ ಕಾಲಿನಲ್ಲಿ ನಿಂತು ಪೈಜಾಮ ಹಾಕಿಕೊಳ್ಳಲು ಆಗುತ್ತಿರಲಿಲ್ಲ. "ಬಸುರಿಯರಿಗೆ ಇದೆಲ್ಲ ಇದ್ದದ್ದೇ" ಎಂದರು ಅತ್ತೆ. ಐವರು ಗರ್ಭಿಣಿಯರಲ್ಲಿ ಒಬ್ಬರಿಗೆ ಬರುವ ನೋವು, ಇದ್ದದ್ದೇ ನಿಜ. ಆದರೆ ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ. ಸೊಂಟದ ಮೂಳೆಗಳು ಮುಂದೆ ಒಂದು ಕಡೆ, ಹಿಂದೆ ಎರಡು ಕಡೆ ಕೂಡುತ್ತವೆ. ಬಸುರಿನಲ್ಲಿ ಆ ಕೀಲುಗಳು ಸಡಿಲಗೊಂಡು ಒಂದೊಂದು ಒಂದೊಂದು ರೀತಿ ಅಲುಗಿದಾಗ ಈ ನೋವು ಹುಟ್ಟುತ್ತದೆ.

ಮೊದಲು ಜಯನಗರದ ಔಷಧಿ ಅಂಗಡಿಯಿಂದ ಬೆಲ್ಟ್ ತಂದೆ. ಅದು ಹೊಟ್ಟೆ ಎತ್ತಿ ಹಿಡಿಯುವ ಬಗೆಯದು, ನನ್ನ ನೋವಿಗೆ ಪ್ರಯೋಜನವಾಗಲಿಲ್ಲ. ಕೆಳಗೆ, ಸೊಂಟದ ಮೂಳೆಗಳ ಸುತ್ತ ಬಿಗಿಯುವ ಕಿರಿದಾದ ಬೆಲ್ಟನ್ನು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ಮೇಲೆ ಮೆಟ್ರೊ ನಿಲ್ದಾಣದವರೆಗೆ ನಿಲ್ಲದೆ ನಡೆದೆ. ಆದರೆ ಕುಳಿತರೆ ಅದು ಒತ್ತುತ್ತಿತ್ತು, ಏಪ್ರಿಲ್ ಸೆಕೆಗೆ ಅಡಿಯಲ್ಲಿ ಚರ್ಮ ಕೆಂಪಾಯಿತು. ಬಿಚ್ಚಿದೊಡನೆ ನೋವು ಮತ್ತೆ ಅಲ್ಲೇ.

ವ್ಯಾಯಾಮದಿಂದ ಮೊದಲ ಎರಡು ವಾರ ಏನೂ ಕಾಣಲಿಲ್ಲ, ಬಿಟ್ಟುಬಿಡೋಣ ಎನಿಸಿತ್ತು. ಅಂಬೆಗಾಲಿನ ಭಂಗಿಯಲ್ಲಿ ನಿಂತು ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲನೆ ಒಳಗೆ ಎಳೆಯುವುದು, ಮೂತ್ರ ತಡೆಯುವಾಗಿನಂತೆ ಕೆಳಗಿನ ಸ್ನಾಯುಗಳನ್ನು ಬಿಗಿದು ಬಿಡುವುದು, ಇಷ್ಟೇ. ಇದಕ್ಕಿಂತ ಮುಖ್ಯವಾಗಿ ಮಂಚದಿಂದ ಏಳುವುದನ್ನು ಕಲಿಸಿದರು: ಎರಡೂ ಮಂಡಿಗಳನ್ನು ಮಡಿಸಿ ಜೋಡಿಸಿ, ಭುಜ, ಸೊಂಟ, ಕಾಲು ಒಟ್ಟಿಗೆ ಹೊರಳಬೇಕು. ಕಾರಿನಲ್ಲಿ ಮೊದಲು ಕುಳಿತು, ಆಮೇಲೆ ಕಾಲುಗಳೆರಡನ್ನೂ ಕೂಡಿಸಿ ಒಳಗೆ ತರಬೇಕು. ಮೆಟ್ಟಿಲನ್ನು ಒಂದೊಂದಾಗಿ, ನೋವು ಕಡಿಮೆಯಿರುವ ಕಾಲನ್ನು ಮುಂದಿಟ್ಟು ಹತ್ತಬೇಕು. ನನಗೆ ಬದುಕು ಮರಳಿದ್ದು ಇದರಿಂದ. ಒಂದನ್ನೇ ಆರಿಸು ಎಂದರೆ ಇದನ್ನೇ ಹೇಳುತ್ತೇನೆ.

ರಾತ್ರಿಗೆ ದಿಂಬಿನ ಆಸರೆ ಬೇಕೇ ಬೇಕು. ಆನ್‌ಲೈನ್‌ನಲ್ಲಿ ತರಿಸಿದ ಉದ್ದನೆಯ ಬಾಗಿದ ದಿಂಬು, ಹೊರಳುವಾಗಲೆಲ್ಲ ಎತ್ತಿಕೊಳ್ಳಬೇಕಾದ ಹೊರೆಯಾಯಿತು. ಅಮ್ಮ ಕೊಟ್ಟ ಹತ್ತಿಯ ದಿಂಬನ್ನು ಮಂಡಿಯಿಂದ ಹಿಮ್ಮಡಿಯವರೆಗೆ ಕಾಲುಗಳ ನಡುವೆ ಇಟ್ಟುಕೊಂಡ ರಾತ್ರಿಗಳಲ್ಲಿ ನಿದ್ದೆ ಬಂತು. ಬೆಚ್ಚನೆ ಎಣ್ಣೆ ತಿಕ್ಕಿಸಿಕೊಂಡದ್ದು ಬೆನ್ನಿಗೆ ಹಿತವಾಯಿತು, ಮುಂಭಾಗಕ್ಕೆ ಏನೂ ಆಗಲಿಲ್ಲ.

ಹೆರಿಗೆಗೆ ಮುಂಚೆ ಫಿಸಿಯೋಥೆರಪಿಸ್ಟ್ ಟೇಪ್ ಹಿಡಿದು, ನೋವಿಲ್ಲದೆ ನನ್ನ ಮಂಡಿಗಳು ಎಷ್ಟು ಅಗಲವಾಗುತ್ತವೆ ಎಂದು ಅಳೆದು ಫೈಲಿನಲ್ಲಿ ಬರೆದರು. ಹೆರಿಗೆ ಕೋಣೆಯಲ್ಲಿ ದಾದಿ ಅದನ್ನು ಓದಿ, ನನ್ನನ್ನು ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲನ್ನು ಆ ಅಳತೆ ಮೀರದಂತೆ ತಾವೇ ಹಿಡಿದುಕೊಂಡರು. ಮಗು ಹಾಗೆಯೇ ಹುಟ್ಟಿತು. ನಾಲ್ಕನೇ ವಾರಕ್ಕೆ ಬೆಲ್ಟ್ ಬಿಟ್ಟೆ. ಮಗು ಮಲಗಿದಾಗ ಈಗಲೂ ವ್ಯಾಯಾಮಕ್ಕೆ ಚಾಪೆ ಹಾಸುತ್ತೇನೆ.