ಬೆಳಗಾವಿಯ ಮಳೆಯಲ್ಲಿ 1958ರ ಎಂಜಿಎ: ಒಂಬತ್ತು ವರ್ಷ ಮನೆಯಲ್ಲೇ ರಿಪೇರಿ ಮಾಡಿಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಕಾರು ಒಂಬತ್ತು ವರ್ಷದಲ್ಲಿ ತಾನಾಗಿ ಕೆಟ್ಟು ದಾರಿಯಲ್ಲಿ ನಿಂತಿದ್ದು ಎರಡೇ ಸಲ. ಉಳಿದದ್ದೆಲ್ಲ ಯಾರೋ ಕೈ ಹಾಕಿ ಕೆಡಿಸಿದ್ದು. ಆ ‘ಯಾರೋ’ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

2016ರಲ್ಲಿ ಬೆಳಗಾವಿಯ ಮಿಲಿಟರಿ ಪ್ರದೇಶವಾದ ಕ್ಯಾಂಪ್‌ನ ಒಂದು ಹಳೆ ಬಂಗಲೆಯ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರ ಕಾರು. ಅವರು ತೀರಿಕೊಂಡ ಮೇಲೆ ಮಗ ಮಾರಾಟಕ್ಕಿಟ್ಟಿದ್ದರು. ಎಂಜಿ ಕಂಪನಿಯ 1958ರ ಎಂಜಿಎ 1500, ಎರಡು ಸೀಟಿನ ಓಪನ್ ಕಾರು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1955ರಿಂದ 1962ರವರೆಗೆ ಒಂದು ಲಕ್ಷಕ್ಕೂ ಸ್ವಲ್ಪ ಜಾಸ್ತಿ ತಯಾರಾದವು. ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ, ಒಳಗೆ ಕೈ ಹಾಕಿ ದಾರ ಎಳೆಯಬೇಕು. ಏರಿಸಿ ಇಳಿಸುವ ಗಾಜೂ ಇಲ್ಲ. ಎಷ್ಟಕ್ಕೆ ತಗೊಂಡೆ ಅಂತ ಬರೆಯುವುದಿಲ್ಲ. ಮನೆಯಲ್ಲಿ ಹೇಳಿದ ಬೆಲೆಯೇ ಬೇರೆ.

ನಾನು ಮೆಕ್ಯಾನಿಕ್ ಅಲ್ಲ. ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಮೈಕ್ರೋಮೀಟರ್ ಹಿಡಿಯಲು ಬರುತ್ತದೆ, ಅಷ್ಟೇ. ಕಾರು ಮನೆಗೆ ಬಂದ ವಾರ ಭಯದಿಂದಲೇ ಒಬ್ಬ ಹಳೆಯ ಟ್ಯಾಕ್ಸಿ ಮಿಸ್ತ್ರಿ ಕಾಕಾನನ್ನು ಕರೆದುಕೊಂಡು ಬಂದೆ. ಬಾನೆಟ್ ಎತ್ತಿದರು. ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ನಕ್ಕರು.

‘ಏ ಸಾಹೇಬ್ರ, ಫಾರಿನ್ ಫಾರಿನ್ ಅಂತ ಹೆದರಿಸಿದ್ರಲ್ರಿ. ಇದು ನಮ್ ಅಂಬಾಸಿಡರ್ ಇಂಜಿನ್ನ ಐತಿ!’

ಕಾಕಾ ಹೇಳಿದ್ದು ಬಹುಪಾಲು ನಿಜ. ಎಂಜಿಎ 1500ರಲ್ಲಿ ಇರುವುದು ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಇಂಜಿನ್, 1489 ಸಿಸಿ. ನಮ್ಮ ಹಳೆ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಓಡಿದ್ದೂ ಇದೇ 1489 ಸಿಸಿ. ಬೋರು 73 ಮಿ.ಮೀ., ಸ್ಟ್ರೋಕು 88.9 ಮಿ.ಮೀ., ಎರಡಕ್ಕೂ ಒಂದೇ. ಒಂದು ಟ್ಯಾಕ್ಸಿಗೆ ಹೋಯಿತು, ಇನ್ನೊಂದಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಸಾಧನ) ಹಚ್ಚಿ, ಕಂಪ್ರೆಷನ್ ಏರಿಸಿ 72 ಅಶ್ವಶಕ್ತಿ ತೆಗೆದರು. ಹಾಗಂತ ಎಲ್ಲ ಸಾಮಾನೂ ಅಂಗಡಿಯಿಂದ ತಂದು ಕೂರಿಸಬಹುದು ಅಂದುಕೊಳ್ಳಬೇಡಿ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಹೆಡ್ ಗ್ಯಾಸ್ಕೆಟ್ ನನಗೆ ಹೊಂದಿಕೊಂಡವು. ಪಿಸ್ಟನ್, ಕಾರ್ಬ್ಯುರೇಟರ್ ಸಾಮಾನು, ಬ್ರೇಕಿನ ರಬ್ಬರು ಇಂಗ್ಲೆಂಡಿನಿಂದಲೇ ತರಿಸಬೇಕು. ಪಾರ್ಸಲ್ ಖರ್ಚು, ಕಸ್ಟಮ್ಸ್ ಸೇರಿದರೆ ಕೆಲವು ಸಲ ಸಾಮಾನಿಗಿಂತ ತರಿಸಿದ್ದಕ್ಕೇ ಜಾಸ್ತಿ ಆಗುತ್ತದೆ.

ಮೊದಲ ಎರಡು ವರ್ಷ ನಾನು ಮಾಡಿದ್ದು ರಿಪೇರಿಯಲ್ಲ. ಹಿಂದಿನವರ ಜುಗಾಡ್ ಬಿಚ್ಚುವ ಕೆಲಸ. ಥರ್ಮೋಸ್ಟಾಟ್ ತೆಗೆದು ಬಿಸಾಕಿದ್ದರು. ಹೆಡ್‌ಲೈಟಿನ ವೈರು ತಿರುವಿ ಟೇಪು ಸುತ್ತಿದ್ದರು. ರೇಡಿಯೇಟರಿಗೆ ವರ್ಷಾನುಗಟ್ಟಲೆ ಬೋರ್‌ವೆಲ್ ನೀರು ಹಾಕಿ ಅರ್ಧ ಕೊಳವೆಗಳು ಸುಣ್ಣ ಕಟ್ಟಿದ್ದವು. ಎಲ್ಲಕ್ಕಿಂತ ಸಿಟ್ಟು ಬಂದಿದ್ದು ನಟ್ಟುಗಳನ್ನು ನೋಡಿ. ಈ ಕಾರಿನ ಬಹುತೇಕ ನಟ್ಟು ಬೋಲ್ಟು ಇಂಚಿನ ಲೆಕ್ಕದ್ದು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ ಯಾರೋ ಪುಣ್ಯಾತ್ಮರು 13 ನಂಬರಿನ ಪಾನಾ ಹಾಕಿ, ಮೂಲೆ ಎಲ್ಲಾ ತಿಂದು, ನಟ್ಟನ್ನು ಗೋಲಿ ಮಾಡಿಟ್ಟಿದ್ದರು. 7/16 ಇಂಚು ಅಂದರೆ 11.1 ಮಿ.ಮೀ. 11ರ ಪಾನಾ ಒಳಗೆ ಹೋಗುವುದಿಲ್ಲ, 12 ಹಾಕಿದರೆ ಜಾರುತ್ತದೆ. ಕಾರ್ಬ್ಯುರೇಟರ್ ಮತ್ತು ಕರೆಂಟಿನ ಸಾಮಾನಿನಲ್ಲಿ ಇನ್ನೂ ಹಳೆಯ ಬ್ರಿಟಿಷ್ ಅಳತೆಗಳೂ ಸಿಗುತ್ತವೆ. ಈ ಕಾರು ತಗೊಳ್ಳುವ ಆಸೆ ಇದ್ದರೆ ಮೊದಲು ಒಳ್ಳೆಯ ಇಂಚಿನ ಪಾನಾ ಸೆಟ್ ಕೊಳ್ಳಿ, ಆಮೇಲೆ ಕಾರು ನೋಡಿ.

ವರ್ಷಕ್ಕೆರಡು ಸಲ ಮಾಡುವ ಕೆಲಸಗಳಲ್ಲಿ ನನಗೆ ಇಷ್ಟ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವು ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಗ್ಯಾಪು ಸರಿ ಮಾಡುವುದು. ಅದಕ್ಕೆ ಮಗಳು ಬೇಕು. ಎಂಟು ವಾಲ್ವು, ಮುಂದಿನಿಂದ ಒಂದು, ಎರಡು ಅಂತ ಎಣಿಸಬೇಕು. ಯಾವ ವಾಲ್ವು ಪೂರ್ತಿ ಕೆಳಗೆ ಒತ್ತಿರುತ್ತದೋ ಅದರ ನಂಬರನ್ನು ಒಂಬತ್ತರಿಂದ ಕಳೆದರೆ, ಈಗ ಅಳೆಯಬೇಕಾದ ವಾಲ್ವು ಸಿಗುತ್ತದೆ. ಎಂಟನೆಯದು ಕೆಳಗಿದ್ದರೆ ಒಂದನೆಯದು. ಆರು ಕೆಳಗಿದ್ದರೆ ಮೂರು. ಇಂಜಿನ್ ಬಿಸಿ ಇರುವಾಗಲೇ ಆಗಬೇಕು. ಪ್ಲಗ್ ಬಿಚ್ಚಿ ನಾನು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವುತ್ತೇನೆ. ಅವಳು ಸ್ಟೂಲಿನ ಮೇಲೆ ನಿಂತು ‘ಆರು ಕೆಳಗೈತಿ ಪಪ್ಪಾ, ಮೂರು ನೋಡು’ ಅಂತ ಕೂಗುತ್ತಾಳೆ. ಗ್ಯಾಪು 17 ಥೌ (ಇಂಚಿನ ಸಾವಿರದಲ್ಲಿ 17 ಭಾಗ), ಅಂದರೆ 0.43 ಮಿ.ಮೀ. ಫೀಲರ್ ಗೇಜಿನ ಎಲೆ ಪೂರ್ತಿ ಸಡಿಲವಾಗಿ ಓಡಾಡಬಾರದು, ಸಿಕ್ಕಿಕೊಳ್ಳಲೂಬಾರದು, ಬೆಣ್ಣೆ ಸವರಿದ ಹಾಗೆ ಸ್ವಲ್ಪ ಹಿಡಿದು ಜಾರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂದಲಷ್ಟು ತಿರುಗಿ ಗ್ಯಾಪು ಮತ್ತೆ ಬದಲಾಗುತ್ತದೆ. ಆದ್ದರಿಂದ ಬಿಗಿ ಮಾಡಿದ ಮೇಲೂ ಒಂದು ಸಲ ಅಳೆಯಲೇಬೇಕು. ಮಗಳು ಒಂಬತ್ತರಿಂದ ಕಳೆಯುವ ಲೆಕ್ಕ ಶಾಲೆಗಿಂತ ಮೊದಲು ಇಲ್ಲೇ ಕಲಿತಳು.

ಎರಡು ಕಾರ್ಬ್ಯುರೇಟರ್ ಅಂದರೆ ಜನ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ಒಂದು ಗೇಣು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ. ಎರಡರಲ್ಲೂ ‘ಸ್ಸ್’ ಅನ್ನುವ ಸದ್ದು ಒಂದೇ ಸಮ ಇರಬೇಕು. ಮೇಲಿನ ಡ್ಯಾಶ್‌ಪಾಟ್ ಅನ್ನುವ ಡಬ್ಬಿಯಲ್ಲಿ ತೆಳ್ಳನೆಯ ಎಣ್ಣೆ ಇದೆಯಾ ನೋಡಿ. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸುತ್ತದೆ, ನೀವು ಸುಮ್ನೆ ಪ್ಲಗ್ ಬದಲಿಸುತ್ತಾ ಕೂರುತ್ತೀರಿ. ನಾನು ಕೂತಿದ್ದೆ, ಎರಡು ಭಾನುವಾರ.

ಈಗ ನನ್ನ ತಪ್ಪಿನ ಕತೆ. ಈ ಕಾರಿನ ಲೋಹದ ಬಾಡಿಗೆ (ಮೈಗೆ) ಅರ್ಥ್ ಆಗಿರುವುದು ಬ್ಯಾಟರಿಯ ಪ್ಲಸ್. ಇವತ್ತಿನ ಎಲ್ಲ ಕಾರುಗಳ ಉಲ್ಟಾ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು. ಅವು ಸಿಗುವುದು ಕಷ್ಟ ಅಂತ ನಾನು 12 ವೋಲ್ಟಿನದೊಂದು ತಂದೆ. ಸಂಜೆ ಕತ್ತಲಾಗಿತ್ತು, ಮರುದಿನ ಗೆಳೆಯರ ಜೊತೆ ಗೋಕಾಕಕ್ಕೆ ಹೋಗುವುದಿತ್ತು. ಅವಸರದಲ್ಲಿ ಅಭ್ಯಾಸಬಲದಿಂದ ಮೈನಸ್ಸನ್ನು ಬಾಡಿಗೆ ಬಿಗಿದೆ. ಸೆಲ್ಫ್ ತಿರುಗಿತು, ಕಾರು ಚಾಲೂ ಆಯಿತು, ಖುಷಿಯಾಯಿತು. ರೇಸ್ ಮಾಡಿದ್ದೇ ತಡ, ಡೈನಮೊವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಕಟೌಟ್ ಪೆಟ್ಟಿಗೆಯಿಂದ ಹೊಗೆ. ಡೈನಮೊ ಒಂದು ದಿಕ್ಕಿಗೆ, ಬ್ಯಾಟರಿ ಇನ್ನೊಂದು ದಿಕ್ಕಿಗೆ ಕುಸ್ತಿ ಹಿಡಿದಿದ್ದವು, ನಡುವೆ ಸಿಕ್ಕಿದ ಪಾಯಿಂಟ್ ಸುಟ್ಟು ಅಂಟಿಕೊಂಡಿತ್ತು. ಹಳೆ ಲಾರಿಗಳ ಡೈನಮೊ ಕಟ್ಟುವ ಒಬ್ಬ ಅಜ್ಜ ಅದನ್ನು ಬಿಡಿಸಿ, ತೀಡಿ, ಸರಿ ಮಾಡಿಕೊಟ್ಟರು. ಬೈಗುಳ ಪುಕ್ಕಟೆ. ಅಂದಿನಿಂದ ಬ್ಯಾಟರಿಯ ಪಕ್ಕ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಬಾಡಿಗೆ ಪ್ಲಸ್’ ಅಂತ ಬರೆದಿದ್ದೇನೆ. ಮೊಬೈಲ್ ಚಾರ್ಜರ್ ಹಾಕುವ ಆಸೆಯನ್ನೂ ಬಿಟ್ಟೆ.

ಇಡೀ ಕಾರಿಗೆ ಇರುವುದು ಎರಡೇ ಫ್ಯೂಸ್, ಹೆಡ್‌ಲೈಟಿಗೆ ಅದೂ ಇಲ್ಲ. ನಾನು ಒಂದು ಬೇರೆ ಫ್ಯೂಸ್ ಹಾಕಿಕೊಂಡೆ. ಇಷ್ಟು ಬದಲಾವಣೆ ಮಾಡಿದರೆ ಅಸಲಿತನ ಹೋಯಿತು ಅನ್ನುವವರು ಅನ್ನಲಿ, ವೈರು ಹೊತ್ತಿಕೊಂಡರೆ ಉಳಿಯುವ ಅಸಲಿತನ ಎಷ್ಟು?

ಇನ್ನು ಮಳೆ. ಬೆಳಗಾವಿಯ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಗಣಪತಿ ಬರುವವರೆಗೂ ಬಟ್ಟೆ ಒಣಗುವುದಿಲ್ಲ. ಈ ಕಾರಿನ ತಳ ತಗಡಿನದಲ್ಲ, ಪ್ಲೈವುಡ್! ಕಬ್ಬಿಣದ ಚಾಸಿಸ್ ಮೇಲೆ ಹಲಗೆ ಕೂರಿಸಿ ಸ್ಕ್ರೂ ಹೊಡೆದಿದ್ದಾರೆ. ಎರಡನೇ ಮಳೆಗಾಲಕ್ಕೆ ಡ್ರೈವರ್ ಕಡೆಯ ಹಲಗೆ ಹೋಳಿಗೆಯಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಹಳೆಯದನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು, ಶಹಾಪುರದ ಬಡಿಗೇರರ ಹತ್ತಿರ ಮರೈನ್ ಪ್ಲೈಯಲ್ಲಿ ಕತ್ತರಿಸಿಕೊಂಡು ಬಂದೆ. ಅಂಚಿಗೆಲ್ಲ ಎರಡು ಕೋಟು ಬಣ್ಣ. ಅದಾಗಿ ವರ್ಷಗಳೇ ಆದವು, ಇನ್ನೂ ಗಟ್ಟಿ ಇದೆ. ಬಾಗಿಲು, ಬಾನೆಟ್, ಡಿಕ್ಕಿಯ ಹೊರಮೈ ಅಲ್ಯುಮಿನಿಯಂ, ಅವಕ್ಕೆ ತುಕ್ಕಿನ ಚಿಂತೆ ಇಲ್ಲ. ತುಕ್ಕು ಹಿಡಿಯುವುದು ಬಾಗಿಲ ಕೆಳಗಿನ ಸಿಲ್‌ಗೆ ಮತ್ತು ಬಾಗಿಲ ಕಂಬದ ಬುಡಕ್ಕೆ. ಕೊಳ್ಳುವವರು ಬಣ್ಣದ ಹೊಳಪು ನೋಡದೆ ಮೊಣಕಾಲೂರಿ ಅಲ್ಲಿ ಬೆರಳು ಒತ್ತಿ ನೋಡಿ.

ತಾನಾಗಿ ನಿಂತ ಎರಡು ಸಲ ಅಂದೆನಲ್ಲ, ಎರಡೂ ಪೆಟ್ರೋಲಿನದೇ. ಒಂದು, ವಂಟಮುರಿ ಘಾಟಿನಲ್ಲಿ. ಹಿಂದೆ ಚಾಸಿಸ್‌ಗೆ ಕೂರಿಸಿದ ಎಲೆಕ್ಟ್ರಿಕ್ ಪಂಪಿದೆ. ಕೀ ತಿರುವಿದಾಗ ಟಿಕ್ ಟಿಕ್ ಅಂದು, ಕಾರ್ಬ್ಯುರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತದೆ. ಆ ದಿನ ಟಿಕ್ ಅನ್ನಲೇ ಇಲ್ಲ. ಒಳಗಿನ ಪಾಯಿಂಟ್ ಮಸಿ ಹಿಡಿದಿತ್ತು. ಪಾನಾದ ಹಿಡಿಕೆಯಿಂದ ಮೆಲ್ಲಗೆ ಎರಡು ಏಟು ಕೊಟ್ಟೆ, ಮಾತಾಡಿತು. ಮನೆಗೆ ಬಂದು ಪಾಯಿಂಟ್ ಉಜ್ಜಿದೆ. ಇನ್ನೊಂದು ಸಲ ರಬ್ಬರ್ ಪೈಪು ಮೆತ್ತಗಾಗಿ ಸೋರಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಹೀರುತ್ತದೆ. ನಮ್ಮ ಜಿಲ್ಲೆಯ ಕಬ್ಬಿನಿಂದಲೇ ತಯಾರಾಗುವ ಎಥನಾಲು ನನ್ನ ಕಾರಿನ ಪೈಪು ತಿನ್ನುತ್ತಿದೆ ಅಂದರೆ ಯಾರ ಮೇಲೆ ಸಿಟ್ಟು ಮಾಡಲಿ! ಎಥನಾಲ್ ತಡೆಯುವ ಪೈಪು ಪೂರ್ತಿ ಹಾಕಿಸಿದೆ. ಮಳೆಗಾಲದಲ್ಲಿ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ತಿಂಗಳುಗಟ್ಟಲೆ ಬಿಡುವುದಿಲ್ಲ.

ಸೀಸ ಬೆರೆತ ಪೆಟ್ರೋಲು 2000ದಲ್ಲೇ ದೇಶದಲ್ಲಿ ನಿಂತಿತು. ಆ ಕಾಲದ ಎರಕದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟು (ಹೊಗೆ ಹೊರಬಿಡುವ ವಾಲ್ವು ಬಂದು ಕೂರುವ ಜಾಗ) ಸೀಸವಿಲ್ಲದೆ ಸವೆಯುತ್ತದೆ. ಟ್ಯಾಪೆಟ್ ಗ್ಯಾಪು ಪದೇ ಪದೇ ಕಮ್ಮಿ ಆಗುತ್ತಿದ್ದರೆ ಅದೇ ಕಾರಣ. 2019ರಲ್ಲಿ ಹೆಡ್ ಬಿಚ್ಚಿ ಉದ್ಯಮಬಾಗಕ್ಕೆ ಒಯ್ದು ನಾಲ್ಕೂ ಎಕ್ಸಾಸ್ಟ್ ಸೀಟಿಗೆ ಗಟ್ಟಿ ರಿಂಗ್ ಕೂರಿಸಿದೆ. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಫೌಂಡ್ರಿ, ಲೇತು, ಗ್ರೈಂಡಿಂಗು ಎಲ್ಲ ಊರಲ್ಲೇ ಇರುವಾಗ ಬೇರೆ ಊರಿನವರ ಹಾಗೆ ಪುಣೆಗೆ ಓಡಬೇಕಾಗಿಲ್ಲ. ಅಳತೆ ಮಾತ್ರ ನೀವೇ ಬರೆದು ಕೊಡಿ. ‘ನೋಡಿ ಮಾಡ್ತೀನ್ರಿ’ ಅಂದವರ ಹತ್ತಿರ ಬಿಟ್ಟು ಬರಬೇಡಿ.

ಬ್ರೇಕಿನ ಗಾಳಿ ತೆಗೆಯಲು ಹೆಂಡತಿ ಪೆಡಲ್ ಮೇಲೆ ಕೂರುತ್ತಾಳೆ. ‘ಒತ್ತು... ಹಿಡಿ... ಬಿಡು’ ಅಂತ ನಾನು ಕೆಳಗಿನಿಂದ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಮುಂದಿನ ಒಂದೊಂದಕ್ಕೆ ಎರಡೆರಡು ಸಿಲಿಂಡರ್, ಆದ್ದರಿಂದ ಬೇಗ ಮುಗಿಯುವುದಿಲ್ಲ. ಮೂರನೇ ಚಕ್ರದ ಹೊತ್ತಿಗೆ ‘ಕುಕ್ಕರ್ ಇಟ್ಟು ಬಂದೀನಿ’ ಅನ್ನುತ್ತಾಳೆ.

ಓಡಿಸುವುದು? ಬೆಳಿಗ್ಗೆ ಆರು ಗಂಟೆಗೆ ಖಾನಾಪುರ ರೋಡಿನಲ್ಲಿ ಇದಕ್ಕಿಂತ ಸುಖ ಇಲ್ಲ. ಸ್ಟೇರಿಂಗು ಹಗುರ, ನೇರ, ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ಗೊತ್ತಾಗುತ್ತದೆ. ಅದೇ ಕಾರು ಮಧ್ಯಾಹ್ನ ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತಾ ಹೋಗುತ್ತದೆ. ಫ್ಯಾನು ಇಂಜಿನ್ ಬೆಲ್ಟಿನದು, ಇಂಜಿನ್ ನಿಧಾನವಾದರೆ ಅದೂ ನಿಧಾನ. ಗೇಟು ಬಿದ್ದರೆ ನಾನು ಆಫ್ ಮಾಡಿಬಿಡುತ್ತೇನೆ. ಪಕ್ಕದ ಸ್ಕೂಟರಿನವರು ‘ಎಷ್ಟ್ ಕೊಡತೈತ್ರಿ ಸರ?’ ಅಂತ ಮೈಲೇಜ್ ಕೇಳುತ್ತಾರೆ. ಮದುವೆಗೆ ಕೊಡುತ್ತೀರಾ ಅಂತಲೂ ಕೇಳುತ್ತಾರೆ. ಇರುವುದು ಎರಡೇ ಸೀಟು. ಮದುಮಗ, ಮದುಮಗಳು ಕೂತರೆ ಓಡಿಸುವವರು ಎಲ್ಲಿ ಕೂರಬೇಕು?

ಇಂಜಿನ್ ಹಿಂಭಾಗದಲ್ಲಿ ಎಣ್ಣೆ ತೊಟ್ಟಿಕ್ಕುವುದು ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಅಲ್ಲಿ ಇವತ್ತಿನ ಇಂಜಿನ್‌ಗಳಂತೆ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ವಾಪಸ್ ತಳ್ಳುವ ಸುರುಳಿ ಗೆರೆ ಮಾತ್ರ. ಕೆಳಗೆ ಹಳೆಯ ಪರಾತ ಇಟ್ಟಿದ್ದೇನೆ. ಕಾಗದದ ವಿಷಯದಲ್ಲೂ ಒಂದು ಮಾತು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ದಿನಾ ಓಡಿಸುವಂತಿಲ್ಲ. ಅದನ್ನು ತಿಳಿದುಕೊಂಡೇ ಕೊಳ್ಳಿ.

ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂದರೆ ಅಕ್ಟೋಬರ್‌ನಿಂದ ಮೇ ತನಕ ನಾಲ್ಕೂವರೆ, ಮಳೆಗಾಲಕ್ಕೆ ಎರಡು. ಶೆಡ್ಡು ಇಲ್ಲದವರು ಕೊಳ್ಳಲೇಬೇಡಿ. ಮನೆಯಲ್ಲಿ ಪೆಡಲ್ ಒತ್ತಲು ಒಬ್ಬರು ಇಲ್ಲದವರೂ ಯೋಚನೆ ಮಾಡಿ.

ಈಗ ಕ್ಲಚ್ ಸ್ವಲ್ಪ ಜಾರುತ್ತಿದೆ. ಅದಕ್ಕೆ ಇಂಜಿನ್ ಎತ್ತಬೇಕು. ದಸರಾ ರಜೆಗೆ ಚೈನ್ ಪುಲ್ಲಿ ಹೇಳಿಟ್ಟಿದ್ದೇನೆ. ಕಾಕಾ ಬರುತ್ತೇನೆ ಅಂದಿದ್ದಾರೆ, ಆದರೆ ಕುರ್ಚಿ ಹಾಕಬೇಕಂತೆ.