ಆರು ವರ್ಷ ಓಡಿಸಿದ ಸಿವಿಟಿ ಕಾರು: ಗೇರ್‌ಬಾಕ್ಸ್ ಮೆಚ್ಚುಗೆಯಾಯಿತು, ಅದರ ಎಣ್ಣೆಯ ಬಗೆಗಿನ ಅಸಡ್ಡೆ ಮೆಚ್ಚುಗೆಯಾಗಲಿಲ್ಲ

ಬನಶಂಕರಿಯಿಂದ ವೈಟ್‌ಫೀಲ್ಡಿಗೆ ನಿತ್ಯ ಹೋಗಿ ಬರುವವರಿಗೆ ಕಾರಿನ ಅಂದಚೆಂದಕ್ಕಿಂತ ಎಡಗಾಲಿಗೆ ಸಿಗುವ ವಿಶ್ರಾಂತಿಯೇ ದೊಡ್ಡದು. ಅದಕ್ಕಾಗಿಯೇ ನಾನು ಪೆಟ್ರೋಲ್ ಸೆಡಾನ್ ಕೊಳ್ಳುವಾಗ ಮ್ಯಾನುಯಲ್ ಮಾದರಿಗಿಂತ ಒಂದು ಲಕ್ಷ ರೂಪಾಯಿಗೂ ಹೆಚ್ಚು ಕೊಟ್ಟು ಸಿವಿಟಿ, ಅಂದರೆ ಗೇರಿನ ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮಾದರಿಯನ್ನು ಆರಿಸಿಕೊಂಡೆ. ಎಂಜಿನ್, ಮೈಲೇಜ್, ಡಿಕ್ಕಿಯ ಅಳತೆ ಎಲ್ಲರಿಗೂ ತಿಳಿದಿರುವಂಥವು. ಈ ವಿಮರ್ಶೆ ಗೇರ್‌ಬಾಕ್ಸಿಗೆ ಮಾತ್ರ ಮೀಸಲು.

ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಕಾರು ಇಂಚಿಂಚೇ ಸರಿದು, ನಿಂತು, ಮತ್ತೆ ಸರಿಯುವಾಗ ಎಲ್ಲಿಯೂ ಜಗ್ಗುವುದಿಲ್ಲ. ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಗಳು ಮನೆ ತಲುಪುವವರೆಗೂ ಏಳುವುದಿಲ್ಲ. ಬದಲಾಯಿಸಲು ಇದರೊಳಗೆ ಒಂದು, ಎರಡು, ಮೂರು ಎಂಬ ಗೇರುಗಳೇ ಇಲ್ಲದಿರುವುದು ಇದಕ್ಕೆ ಕಾರಣ. ಇಳಿಜಾರು ಮುಖದ ಎರಡೆರಡು ಹೋಳುಗಳಿಂದಾದ ಎರಡು ಪುಲ್ಲಿಗಳು, ಅವುಗಳ ನಡುವೆ ಒಂದು ಬೆಲ್ಟ್. ಹೋಳುಗಳು ಹತ್ತಿರ ಬಂದರೆ ಬೆಲ್ಟ್ ಹೊರಗಿನ ಅಂಚಿಗೆ ಏರುತ್ತದೆ, ದೂರ ಸರಿದರೆ ಒಳಗೆ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಗೇರಿನ ಅನುಪಾತ, ಅಂದರೆ ಎಂಜಿನ್ ಎಷ್ಟು ತಿರುಗಿದರೆ ಚಕ್ರ ಎಷ್ಟು ತಿರುಗಬೇಕೆಂಬ ಲೆಕ್ಕ, ಎಡೆಬಿಡದೆ ಬದಲಾಗುತ್ತದೆ. ನಮ್ಮಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಿಂದ ಇಂದಿನ ಆಕ್ಟಿವಾದವರೆಗೆ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳಲ್ಲಿರುವುದೂ ಇದೇ ತತ್ತ್ವ.

ಕಾರುಗಳಲ್ಲಿ ಇದನ್ನು ಜನಬಳಕೆಗೆ ತಂದವರು ನೆದರ್ಲೆಂಡ್ಸ್‌ನ ಐಂಡ್‌ಹೋವನ್ನಿನ ಹಬ್ ವ್ಯಾನ್ ಡೋರ್ನ. 1958ರಲ್ಲಿ ಅವರ ಡಾಫ್ 600 ಎಂಬ ಪುಟ್ಟ ಕಾರು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಅದರ ಹಿಂದಿನ ಎರಡು ಚಕ್ರಗಳನ್ನು ಎರಡು ರಬ್ಬರ್ ಬೆಲ್ಟುಗಳು ತಿರುಗಿಸುತ್ತಿದ್ದವು. ಆ ವ್ಯವಸ್ಥೆಯಲ್ಲಿ ಕಾರು ಮುಂದಕ್ಕೆ ಓಡುವಷ್ಟೇ ವೇಗವಾಗಿ ಹಿಂದಕ್ಕೂ ಓಡಬಲ್ಲದಾಗಿತ್ತು. ರಬ್ಬರ್ ಹೆಚ್ಚಿನ ಶಕ್ತಿಯನ್ನು ತಾಳದ ಕಾರಣ ವ್ಯಾನ್ ಡೋರ್ನ ಮುಂದೆ ಉಕ್ಕಿನ ಬೆಲ್ಟಿನತ್ತ ಹೊರಳಿದರು. ತೆಳುವಾದ ನೂರಾರು ಉಕ್ಕಿನ ಬಿಲ್ಲೆಗಳನ್ನು ಉಕ್ಕಿನ ಪಟ್ಟಿಗಳಲ್ಲಿ ಪೋಣಿಸಿದ ಈ ಬೆಲ್ಟ್ ಎಳೆಯುವುದಿಲ್ಲ, ತಳ್ಳುತ್ತದೆ: ಒಂದು ಬಿಲ್ಲೆ ಮುಂದಿನದನ್ನು ನೂಕುತ್ತಾ ಶಕ್ತಿಯನ್ನು ದಾಟಿಸುತ್ತದೆ. 1987ರ ಸುಬಾರು ಜಸ್ಟಿಯಲ್ಲಿ ಇದು ಮಾರುಕಟ್ಟೆಗೆ ಬಂತು. ಉಕ್ಕಿನ ಮೇಲೆ ಉಕ್ಕು ಜಾರದಂತೆ ಹಿಡಿದುಕೊಳ್ಳಬೇಕೆಂದರೆ ಅವುಗಳ ನಡುವಿನ ಎಣ್ಣೆ ಸವೆತವನ್ನೂ ತಡೆಯಬೇಕು, ಹಿಡಿತವನ್ನೂ ಬಿಡಬಾರದು, ಪುಲ್ಲಿಗಳನ್ನು ಒತ್ತಿಹಿಡಿಯುವ ಒತ್ತಡವನ್ನೂ ತಲುಪಿಸಬೇಕು. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾದ ಇಷ್ಟೊಂದು ಕೆಲಸಗಳನ್ನು ಒಂದೇ ಎಣ್ಣೆ ಮಾಡುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಆದ್ದರಿಂದಲೇ ನನ್ನ ಸಿಟ್ಟು. ಕಾರಿನ ಕೈಪಿಡಿಯಲ್ಲಿ 40,000 ಕಿಲೋಮೀಟರಿಗೊಮ್ಮೆ ಈ ಎಣ್ಣೆ ಬದಲಿಸಬೇಕೆಂದು ಸ್ಪಷ್ಟವಾಗಿ ಅಚ್ಚಾಗಿದ್ದರೂ ನಾನು ಹೋಗುತ್ತಿದ್ದ ಸರ್ವಿಸ್ ಸೆಂಟರಿನ ಸಲಹೆಗಾರರು "ಇದು ಲೈಫ್‌ಟೈಮ್ ಆಯಿಲ್ ಸರ್, ಮುಟ್ಟೋದೇ ಬೇಡ" ಎಂದರು. ನಾನು ಪಟ್ಟುಹಿಡಿದ ಮೇಲೆ ಜಾಬ್ ಕಾರ್ಡಿನಲ್ಲಿ ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ ಹೆಸರು ಬರೆದರು. ಅದು ಇದಕ್ಕೆ ಸಲ್ಲದು. ಬೆಲ್ಟ್ ಜಾರಿ ಪುಲ್ಲಿಯ ಮುಖ ಗೀಚಿಹೋದರೆ ಹೆಚ್ಚಿನ ಕಡೆ ಬಿಡಿಭಾಗ ರಿಪೇರಿ ಮಾಡುವುದಿಲ್ಲ, ಇಡೀ ಗೇರ್‌ಬಾಕ್ಸನ್ನೇ ಬದಲಿಸಿ ಎನ್ನುತ್ತಾರೆ, ಆ ಬಿಲ್ಲು ಲಕ್ಷ ದಾಟುತ್ತದೆ. ಸರಿಯಾದ ಎಣ್ಣೆ ಹಾಕಿಸಲು ನನಗೆ ತಗುಲುವುದು ಐದು ಸಾವಿರದ ಆಸುಪಾಸು. ಇಷ್ಟು ಚಿಕ್ಕ ಖರ್ಚಿಗೆ ಗ್ರಾಹಕನೇ ಕಾವಲು ನಿಲ್ಲಬೇಕಾದ ಸ್ಥಿತಿ ನಿಜಕ್ಕೂ ಬೇಸರ ತರುತ್ತದೆ. ಈಗ ಬೇರೆ ಕಡೆ ಹೋಗುತ್ತೇನೆ, ಸೀಲ್ ಒಡೆಯದ ಡಬ್ಬಿಯನ್ನು ನೋಡಿದ ಮೇಲೆಯೇ ಕಾರು ಒಪ್ಪಿಸುತ್ತೇನೆ.

ದಿನನಿತ್ಯದ ಆರೈಕೆ ಮಾತ್ರ ಹಿತವಾದ ಅಭ್ಯಾಸವಾಗಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಸದ್ದು ತಗ್ಗುವವರೆಗೆ ಬ್ರೇಕ್ ಮೇಲೆ ಕಾಲಿಟ್ಟು ಕಾಯುತ್ತೇನೆ, ಆಮೇಲೆ ಗೇರ್ ಲಿವರನ್ನು ಮುಂದಕ್ಕೆ ಓಡಿಸುವ ಡಿ ಸ್ಥಾನಕ್ಕೆ ಹಾಕಿ ಮುಖ್ಯರಸ್ತೆಯವರೆಗೆ ಮೆಲ್ಲಗೆ ಹೋಗುತ್ತೇನೆ. ರಿವರ್ಸಿನಿಂದ ಡಿಗೆ ಬರುವಾಗ ಚಕ್ರಗಳು ಪೂರ್ತಿ ನಿಂತಿರಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ನ್ಯೂಟ್ರಲ್, ನಂತರ ಹ್ಯಾಂಡ್‌ಬ್ರೇಕ್, ಕಾರಿನ ಭಾರ ಅದರ ಮೇಲೆ ಕುಳಿತಿದೆಯೆಂದು ಖಚಿತವಾದ ಮೇಲೆ ಪಿ, ಅಂದರೆ ಪಾರ್ಕಿಂಗ್ ಸ್ಥಾನ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವುದು ಎಣ್ಣೆಯನ್ನು ಸುಮ್ಮನೆ ಕಾಯಿಸುತ್ತದೆ. ಬ್ರೇಕ್ ಇರುವುದೇ ಅದಕ್ಕೆ. ಚಾರ್ಮಾಡಿ ಘಾಟಿ ಇಳಿಯುವಾಗ ಡಿ ಬಿಟ್ಟು ಕಡಿಮೆ ಗೇರಿನ ಸ್ಥಾನವಾದ ಎಲ್‌ಗೆ ಬಂದರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ, ಉಜಿರೆ ತಲುಪುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುವುದಿಲ್ಲ. ಕೆಟ್ಟುನಿಂತರೆ ಮುಂದಿನ ಚಕ್ರಗಳು ನೆಲಕ್ಕೆ ತಾಗಿರುವಂತೆ ಎಳೆಸಬಾರದು, ಫ್ಲ್ಯಾಟ್‌ಬೆಡ್ ಗಾಡಿಯನ್ನೇ, ಅಂದರೆ ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಒಯ್ಯುವಂಥದ್ದನ್ನೇ, ಕರೆಸಬೇಕು.

ಹಾಸನದ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕಲು ಆಕ್ಸಿಲರೇಟರನ್ನು ಒಮ್ಮೆಲೇ ತುಳಿದರೆ ಸದ್ದು ಮೊದಲು ಏರುತ್ತದೆ, ವೇಗ ಆಮೇಲೆ ಬರುತ್ತದೆ. ಹಂತಹಂತವಾಗಿ ಒತ್ತಿದರೆ ಇದು ಬಹುಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ರಭಸದ ಚಾಲನೆಯನ್ನು ಇಷ್ಟಪಡುವವರಿಗೆ ಈ ಗೇರ್‌ಬಾಕ್ಸ್ ಹಿಡಿಸದು. ನಗರದ ದಟ್ಟಣೆಯಲ್ಲೇ ಹೆಚ್ಚು ಓಡಿಸುವವರು ಧೈರ್ಯವಾಗಿ ಕೊಳ್ಳಬಹುದು, ವಿಸ್ತರಿತ ವಾರಂಟಿಯನ್ನು ಮಾತ್ರ ಬಿಡಬಾರದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಬಿಲ್ಲನ್ನು ಕೇಳಿ ಪಡೆಯಲಿ. ತಣ್ಣಗಿರುವ ಕಾರನ್ನು ಸ್ಟಾರ್ಟ್ ಮಾಡಿ ಸಣ್ಣ ಏರೊಂದನ್ನು ನಿಧಾನವಾಗಿ ಹತ್ತಿಸಿದಾಗ ಅದುರಿದರೆ, ಅಥವಾ ವೇಗದ ಜೊತೆಗೆ ಏರುವ ಕೀರಲು ಸದ್ದು ಕೇಳಿದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಕಾರು ಬೇಡ.